ಕಾಕು ಅಂದ ಆ ‘ರೀ’

ಟಾಂಗಾದ ನೆತ್ತಿಗೆ ಕಟ್ಟಿದ ಭೋಂಗಾ ಸ್ಪೀಕರು ಗೊರಗೊರ ಅನ್ನುತ್ತಿತ್ತು... ‘ನಕ್ಕು ನಕ್ಕು ಸುಸ್ತಾಗುವ ಸಂಸಾರದ ಚಿತ್ರ’ ಎಂದು ಮರಾಠಿಯಲ್ಲಿ ಕೂಗುತ್ತ ಅದು ಇಚಲಕರಂಜಿಯ ನಮ್ಮ ಓಣಿಗೆ ಬಂದರೆ ಮಗ್ಗಗಳ ಖಟಖಟವೂ ಅರೆಗಳಿಗೆ ಅಡಗಿದಂತಾಗುತ್ತಿತ್ತು. ಮೊನ್ನೆ ಟಿವಿಯಲ್ಲಿ ಅಂಥದೇ ಒಂದು ಬ್ಲ್ಯಾಕ್ ಅಂಡ್ ವೈಟ್ ಕಾಮಿಡಿ ಬಂದಾಗ ಮೊದಲು ಕಿವಿಗೆ ಬಂದದ್ದು ಆ ಭೋಂಗಾ. ಆಮೇಲೆ ನೆನಪಾದವರು ಪಕ್ಕದ ಮನೆಯ ಚಿಕ್ಕಮ್ಮ, ನಮ್ಮ ಕಡೆಯ ಮಾತಿನಲ್ಲಿ ಕಾಕು.

ಆಗ ನಾನು ಕೊಲ್ಹಾಪುರದ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದೆ. ರಜೆಗೆ ಮಾತ್ರ ಊರು. ಕಾಕುವಿನ ಗಂಡ ಕಾಕಾ ಪಾವರ್‌ಲೂಮಿನಲ್ಲಿ ನೇಯುತ್ತಿದ್ದರು. ಗಡಹಿಂಗ್ಲಜದಲ್ಲಿ ಕಾಕುವಿನ ತಮ್ಮನ ಮದುವೆಯಾದಾಗ, ಆಯೇರಿಯ ಉಡುಗೊರೆಯಲ್ಲಿ ಹಿರಿಯ ಅಳಿಯನಿಗೆ ಸಲ್ಲಬೇಕಾದ ರೇಶಿಮೆ ಪಟಕಾ ಬೇರೆ ಯಾರದೋ ತಲೆಗೆ ಹೋಗಿ, ಇವರ ಕೈಗೆ ಒಂದು ಬಿಳಿ ಟೊಪ್ಪಿಗೆ ಬಂತು. ಗಡಿಬಿಡಿಯಲ್ಲಿ ಆದ ತಪ್ಪು. ಕಾಕಾ ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟರು. ಕಾಕುವೂ ಹಟದವರೇ. ಎರಡು ವರ್ಷ! ರಜೆಯಲ್ಲಿ ನಾನೇ ಅವರ ಮೆಸೆಂಜರ್.

“ಬೇಬಿ, ರೊಟ್ಟಿ ಆರಾಕತ್ತಾವ ಅಂತ ಹೇಳ ಅವರಿಗೆ.”

“ಹಸಿವಿಲ್ಲಂತ ಹೇಳವಾ.”

ಇಬ್ಬರ ನಡುವೆ ಇದ್ದದ್ದು ಒಂದು ಚಾಪೆಯಷ್ಟು ಜಾಗ.

ಭೋಂಗಾ ಕೂಗಿದ ಆ ಚಿತ್ರದ ಮಧ್ಯಾಹ್ನದ ಶೋಗೆ ಕಾಕುವನ್ನು ಕರೆದೊಯ್ದವಳು ನಾನೇ. ತೆರೆಯ ಮೇಲೂ ಗಂಡಹೆಂಡತಿ ಮಾತು ಬಿಟ್ಟಿದ್ದರು. ಹೆಂಡತಿ ಹೇಳುವುದನ್ನೆಲ್ಲ ನೀರಿನ ಹಂಡೆಗೆ ಹೇಳುತ್ತಿದ್ದಳು. ಗಂಡ ತನ್ನ ಛತ್ರಿಗೆ ಉತ್ತರ ಕೊಡುತ್ತಿದ್ದ. ಥೇಟರೆಲ್ಲ ಕೇಕೆ. ಕಾಕು ಸೆರಗನ್ನು ಬಾಯಿಗೊತ್ತಿ ಕುಳಿತಿದ್ದರು.

ಇಂಟರ್ವಲ್‌ನಲ್ಲಿ ಕೇಳಿದರು: “ನಾವೂ ಮಂದಿಗೆ ಹಿಂಗ ಕಾಣ್ತೇವೇನ, ಬೇಬಿ?”

“ಎಕ್ಸಾಕ್ಟ್ಲಿ ಹಿಂಗಽ, ಕಾಕು!” ಅಂದೆ. ಎಂಥ ಸಿಲ್ಲಿ ಹುಡುಗಿ ನಾನು...

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಕಾಕು ಅಂದರು: “ಸಾಕಾತು. ಇವತ್ತ ನಾನಽ ಮಾತಾಡ್ತೇನಿ. ಸೋತ್ರ ಸೋತೆ.”

ಕಾಕಾ ಪಾಳಿ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ಇದ್ದದ್ದು ಒಂದೇ ಅಕ್ಷರ. ಕಾಕು ಅದನ್ನೇ ಅಂದರು: “ರೀ... ಚಾ ಮಾಡ್ಲೇನ್ರಿ?”

ನಮ್ಮ ಕಡೆ ‘ರೀ’ ಗಂಡನಿಗೂ ನಡೆಯುತ್ತದೆ, ಹಾಲಿನವನಿಗೂ ನಡೆಯುತ್ತದೆ. ಕಾಕಾ ಹೊರಳಿ ಬೀದಿಯತ್ತ ನೋಡಿದರು. “ಬೇಬಿ, ಯಾರ ಬಂದಾರ ನೋಡವಾ.”

ನಾನು ನಕ್ಕೆ. ಥೇಟರಿನಲ್ಲಿ ನಕ್ಕಂತೆಯೇ, ಹೊಟ್ಟೆ ಹಿಡಿದುಕೊಂಡು. ‘ಕಾಕಾ, ನಿಮಗಽ ಅಂದಾರ’ ಎಂದಿದ್ದರೆ ಸಾಕಿತ್ತು. ನನಗೆ ಉಸಿರು ಸಿಕ್ಕುವಷ್ಟರಲ್ಲಿ ಕಾಕು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದರು. ಆಮೇಲೆ ನನ್ನ ಕೈಲಿ ಒಂದು ಮಾತೂ ಕಳಿಸಲಿಲ್ಲ. ಎಲ್ಲದಕ್ಕೂ ಸಾರಿ ಹೇಳಲು ಕಾನ್ವೆಂಟ್ ಕಲಿಸಿತ್ತು, ಇದಕ್ಕೆ ಮಾತ್ರ ನಾನು ಹೇಳಲಿಲ್ಲ.

ಈಗ ಇಬ್ಬರೂ ಇಲ್ಲ. ಕಾಕುವನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಬಸ್ ಸ್ಟ್ಯಾಂಡಿನಲ್ಲಿ. ತವರಿಗೆ ಹೊರಟಿದ್ದರು, ಮರಳುವ ಮಾತಿರಲಿಲ್ಲ. ಕಾಕಾ ತಾವೇ ಟ್ರಂಕು ಹೊತ್ತು ತಂದು ಬಸ್ಸಿಗೇರಿಸಿದರು. ಕೆಳಗಿಳಿದು ಕಂಡಕ್ಟರನಿಗೆ ಮರಾಠಿಯಲ್ಲಿ, ಇವರಿಗೆ ಕಿಟಕಿಯ ಸೀಟು ಕೊಡಿ, ಬಸ್ಸಿನಲ್ಲಿ ತಲೆ ತಿರುಗುತ್ತದೆ ಎಂದರು.

ಕಾಕು ಅದೇ ಕಂಡಕ್ಟರನಿಗೆ, ಕನ್ನಡದಲ್ಲಿ ಅಂದರು: “ಅವರಿಗೆ ಹೇಳ್ರಿ, ಕರದ್ರ ಇಳೀತೇನಂತ.”

ಕನ್ನಡ ತಿಳಿಯದ ಅವನು “ಕಾಯ್?” ಅಂದ, ಗಂಟೆ ಹೊಡೆದ.

ಇಂಜಿನ್ನಿನ ಸದ್ದಿನಲ್ಲಿ ಕಾಕಾಗೆ ಕೇಳಿಸಿತೋ ಇಲ್ಲವೋ... ಕಿಟಕಿಯ ಕೆಳಗೇ ನಿಂತಿದ್ದ ನನಗೆ ಕೇಳಿಸಿತ್ತು. ಅಂದು ನಕ್ಕ ನನ್ನ ಬಾಯಿ, ಅದನ್ನು ಕಾಕಾಗೆ ಹೇಳಲು, ಬಸ್ಸು ತಿರುವು ದಾಟುವ ತನಕ ತೆರೆಯಲಿಲ್ಲ.