ಉಸುಕಿನ ದಿಬ್ಬದ ಮೇಲೆ ಫ್ಲೇವಿಯಾ

ಬೆಳಗಿನ ಆರು ಗಂಟೆ. ಮೌಳಂಗಿಯಿಂದ ಸ್ವಲ್ಪ ಕೆಳಗೆ, ಕಾಳಿ ನದಿಯ ನಡುವಿನ ಮರಳುದಿಬ್ಬದ ಮೇಲೆ ಫ್ಲೇವಿಯಾ ಸಿದ್ದಿ ಬೋರಲು ಮಲಗಿದ್ದಾರೆ. ಮೊಣಕೈ ಊರಿ ಒಂದಡಿ ಮುಂದೆ ಸರಿಯುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ಒಂದಡಿ. ಹಳಿಯಾಳದ ಸ್ಟುಡಿಯೊದವರು ಮೂಲೆಗೆ ಹಾಕಿದ್ದ ಕ್ಯಾಮೆರಾ ಕೈಯಲ್ಲಿದೆ. ಹಿಂದೆಯೇ ತೆವಳುತ್ತಿರುವ ನನ್ನ ಪಕ್ಕದಲ್ಲಿ ಮೊಸಳೆಯೊಂದು ಬಾಲ ಎಳೆದುಕೊಂಡು ಹೋದ ಗುರುತು. ನಾನು ತೆವಳುವುದನ್ನು ನಿಲ್ಲಿಸುತ್ತೇನೆ. ಅವರು ಅದರದೂ ಒಂದು ಫೋಟೋ ತೆಗೆಯುತ್ತಾರೆ.

“ಅದು ರಾತ್ರಿನ ಹೋಗೇತ್ರಿ. ಅಂಚು ಒಣಗೇತಿ ನೋಡ್ರಿ,” ಎಂದು ಪಿಸುಗುಟ್ಟುತ್ತಾರೆ. ಸಮಾಧಾನ ಆಗುವಂಥ ಮಾತೇನಲ್ಲ.

ನಲವತ್ತೊಂದರ ಫ್ಲೇವಿಯಾ ಹತ್ತಿರದ ಹೋಮ್‌ಸ್ಟೇ ಒಂದರಲ್ಲಿ ಅಡುಗೆಯವರು. ಎಂಟೂವರೆಗೆ ಅತಿಥಿಗಳ ತಟ್ಟೆಯಲ್ಲಿ ಅವಲಕ್ಕಿ ಇರಬೇಕು. ಅದಕ್ಕೂ ಮುಂಚಿನ ಹೊತ್ತೆಲ್ಲ ರೀವ ಹಕ್ಕಿಗಳದ್ದು. ಹಳದಿ ಕೊಕ್ಕು, ಕರಿ ನೆತ್ತಿಯ ಈ ಹೊಳೆಹಕ್ಕಿ ಬೇಸಿಗೆಯಲ್ಲಿ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಬಿಸಿಲೇರಿದ ಮೇಲೆ ತಾಯಿ ಹೆದರಿ ಎದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ. ಹಾಗಾಗಿ ಏಳೂವರೆಗೆ ಕ್ಯಾಮೆರಾ ಬಂದ್.

ನಾಲ್ಕು ಬೇಸಿಗೆಗಳಿಂದ ದಿನಕ್ಕೆ ಮೂವತ್ತು, ನಲವತ್ತು ಫೋಟೋ. ಹಾರುವ ಮರಿಯದು ಮಾತ್ರ ಒಂದೂ ಇಲ್ಲ. ಹಾರುವ ತನಕ ಮರಿ ಉಳಿದಿದ್ದರಲ್ಲವೇ? ಎರಡನೇ ವರ್ಷದ ತಪ್ಪು ತಮ್ಮದೇ ಎನ್ನುತ್ತಾರೆ. ಮರುದಿನ ಗೂಡು ಸಿಗಲಿ ಎಂದು ಪ್ರತಿ ಗೂಡಿನ ಹತ್ತಿರ ಒಂದೊಂದು ಕಡ್ಡಿ ನೆಟ್ಟಿದ್ದರು.

“ಕಾಗಿ ಬಂದು ಕಡ್ಡಿ ಮ್ಯಾಲ ಕುಂತು, ಕೆಳಗ ನೋಡಿ, ಎಲ್ಲಾ ತಿಂದು ಹೋತ್ರಿ. ನಾನ ಊಟಕ್ಕ ಕರದಂಗ ಆತು. ಎರಡು ದಿನ ಒಲಿ ಮುಂದ ಕುಂತು ಅತ್ತೇನ್ರಿ.” ಈಗ ಕಡ್ಡಿ ಇಲ್ಲ. ಹಿಂದಿನ ದಿನದ ಫೋಟೋದಲ್ಲಿನ ಕಲ್ಲುಗಳನ್ನು ನೋಡಿಯೇ ಗೂಡು ಹುಡುಕುತ್ತಾರೆ.

ಹೋದ ವರ್ಷ ಹನ್ನೊಂದು ಗೂಡು ಮನುಷ್ಯರ ಕಾಲಡಿಗೆ ಸಿಕ್ಕವು. ದೋಣಿಯವರು ಪ್ರವಾಸಿಗರನ್ನು ಸೆಲ್ಫಿಗೆಂದು ಇಲ್ಲೇ ಇಳಿಸುತ್ತಿದ್ದರು. ಈ ಮಾರ್ಚಿನಲ್ಲಿ ಫ್ಲೇವಿಯಾ ದೋಣಿ ನಡೆಸುವ ಸಾಗರನ ಮುಂದೆ ಒಂದು ದೊಡ್ಡ ಫೋಟೋ ಇಟ್ಟರು. ಮೂರು ಮೊಟ್ಟೆ ಇವೆ, ಬೆರಳಿಟ್ಟು ತೋರಿಸು ಎಂದರು. ಸಾಗರ ಐದು ನಿಮಿಷ ಹುಡುಕಿ ಒಂದು ಕಲ್ಲಿನ ಮೇಲೆ ಬೆರಳಿಟ್ಟ.

“ಕುಂತು ನೋಡಿದ ನಿನಗ ಕಾಣಲಿಲ್ಲ. ಸೆಲ್ಫಿ ತಗೊಳ್ಳೋರಿಗೆ ಕಾಣ್ತಾವೇನು ತಮ್ಮಾ?”

ಸಾಗರ ಆ ಫೋಟೋವನ್ನು ಉಳಿದ ದೋಣಿಯವರಿಗೂ ತೋರಿಸಿದ. ಒಬ್ಬರಿಗೂ ಮೊಟ್ಟೆ ಸಿಗಲಿಲ್ಲ. ಮಳೆ ಬರುವ ತನಕ ದಿಬ್ಬಕ್ಕೆ ಯಾರನ್ನೂ ಇಳಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದರು. “ಅಕ್ಕಾರು ಪರೀಕ್ಷಾ ಇಟ್ರು, ನಾವೆಲ್ಲಾ ಫೇಲ್,” ಎಂದು ನಗುತ್ತಾನೆ ಸಾಗರ.

ಈಗ ಮೇ ಎರಡನೇ ವಾರ. ದಿಬ್ಬದ ಮೇಲೆ ಒಂಬತ್ತು ಮರಿಗಳಿವೆ. ಏಳರ ಹೊತ್ತಿಗೆ ಒಂದು ಮರಿ ರೆಕ್ಕೆ ಬಡಿದು ಮುಗ್ಗರಿಸುತ್ತದೆ. ಮತ್ತೆ ಬಡಿಯುತ್ತದೆ. ನೋಡನೋಡುತ್ತಲೇ ನೆಲ ಬಿಟ್ಟು ನೀರಿನ ಮೇಲೆ ಹೊರಟುಹೋಗುತ್ತದೆ. ನನಗೆ ಕುಣಿಯಬೇಕೆನಿಸುತ್ತದೆ, ಆದರೆ ಏಳುವಂತಿಲ್ಲ.

ಹೊಳೆ ದಾಟಿ ದಡಕ್ಕೆ ಬಂದ ಮೇಲೆ ಫ್ಲೇವಿಯಾ ಕ್ಯಾಮೆರಾ ತೋರಿಸುತ್ತಾರೆ. ಚಿತ್ರದ ತುಂಬ ನೀರು, ಮೂಲೆಯಲ್ಲಿ ಮಸುಕಾದ ಒಂದು ರೆಕ್ಕೆ. ಅಳಿಸುತ್ತೀರಾ ಎಂದು ಕೇಳುತ್ತೇನೆ, ಪೆದ್ದನ ಹಾಗೆ.

“ಯಾಕ ಅಳಸಲಿ?” ಕಣ್ಣೊರೆಸಿಕೊಂಡು ನಗುತ್ತಾರೆ. “ಫೋಟೋ ಅರ್ಧಾ ಬಂದೈತ್ರಿ. ಮರಿ ಪೂರಾ ಹಾರೇತಿ.”