ರತ್ನಮ್ಮನವರ ಮಗ್ಗದ ಸದ್ದು

ಸ್ನೇಹಿತರೇ, ಇವತ್ತು ನನ್ನಿಂದಾಗಿ ಒಂದು ಮನೆಯ ಕೈಮಗ್ಗದ ಮೇಲೆ ಊರಿಗೆಲ್ಲ ಅನುಮಾನ ಬಂತು.

ಮೊಳಕಾಲ್ಮೂರಿನ ನಮ್ಮ ಸಣ್ಣ ರೇಡಿಯೋದಲ್ಲಿ ಧ್ವನಿ ಹದ ಮಾಡುವವನು ನಾನು. ಹೊಸದಾಗಿ ಬಂದಿರುವ ಆಟೋಮ್ಯಾಟಿಕ್ ಈಕ್ವಲೈಜರ್ ಯಂತ್ರಕ್ಕೆ ದಪ್ಪ ಸದ್ದಿನ ಬೇಸ್ ಇಷ್ಟು, ಚೂಪು ಸದ್ದಿನ ಟ್ರೆಬಲ್ ಇಷ್ಟು ಎಂದು ಮಟ್ಟ ಗೊತ್ತುಮಾಡಿದರೆ, ಬಂದ ಸದ್ದನ್ನೆಲ್ಲ ಅದು ಅಲ್ಲಿಗೇ ಎಳೆದು ತರುತ್ತದೆ. ಸಿನಿಮಾ ಹಾಡಿಗೆ ಇಟ್ಟಿದ್ದ ಮಟ್ಟವನ್ನು ಬದಲಿಸದೆ, ಬೆಳಿಗ್ಗೆ ರೇಷ್ಮೆ ಸೀರೆ ನೇಯುವ ರತ್ನಮ್ಮನವರ ಸಂದರ್ಶನ ಬಿಟ್ಟೆ. ಮಾತಿನ ಹಿಂದೆ ಅವರ ಮಗ್ಗ ಆಡುತ್ತಿತ್ತು. ಅದರ ದಪ್ಪ ಸದ್ದು ಅಡಗಿ, ಕರೆಂಟಿನಲ್ಲಿ ಓಡುವ ಪವರ್‌ಲೂಮ್‌ನ ಹಾಗೆ ಬರೀ ಚಟಚಟ ಉಳಿಯಿತು.

ಅವರ ಸೀರೆ ಕೊಳ್ಳುವ ಚಳ್ಳಕೆರೆಯ ಅಂಗಡಿ ಬಸಣ್ಣನವರು ಕೂಡಲೇ ಫೋನ್ ಮಾಡಿದರು. “ಆಯಮ್ಮ ಕೈಮಗ್ಗ ಅಂತ ಹೇಳಿ ನಮಗೆ ಪವರ್‌ಲೂಮ್ ಸೀರೆ ಕೊಡ್ತೈತೇನ್ರಿ? ಸದ್ದು ಕೇಳಿದ್ರೆ ಗೊತ್ತಾಗಲ್ವಾ?”

ಅಷ್ಟರಲ್ಲಿ ರತ್ನಮ್ಮನವರೇ ಬಂದರು. “ಬೀದಿಯೋರೆಲ್ಲ ನಮ್ಮನೆ ಕರೆಂಟ್ ಮೀಟ್ರು ನೋಡಾಕೆ ನಿಂತವ್ರೆ. ಏನ್ ಮಾಡ್ದೆಪ್ಪಾ?”

“ಮಿಷಿನ್ ಮಾಡಿದ್ದು, ಅಕ್ಕ.”

“ಅದಕ್ಕೆ ಹೇಳಿಕೊಟ್ಟೋರು ಯಾರು?”

ನಾನು ಮಟ್ಟ ಸರಿಮಾಡಿ, ಮಧ್ಯಾಹ್ನ ಅದೇ ಸಂದರ್ಶನವನ್ನು ಮತ್ತೆ ಬಿಟ್ಟೆ. ಈ ಸಲ ಮಗ್ಗ ತನ್ನ ದನಿಯಲ್ಲೇ ದಡದಡ ಎಂದಿತು. ಬಸಣ್ಣನವರ ಫೋನ್ ಮತ್ತೆ ಬಂತು.

“ಇದು ಕೈಮಗ್ಗಾನೇ ಬಿಡ್ರಿ, ಒಪ್ಕೊಂಡೆ. ಯಾರ ಮನೇದು ತಂದು ಹಾಕಿದ್ರಿ?”