ಟವೆಲ್ ಹಿಂದಿನ ಅಮಾವಾಸ್ಯೆ

ಸಮುದ್ರದೊಳಗೆ ಎರಡು ಕಿಲೋಮೀಟರ್ ನಡೆದು ಬಂದೆವು ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಒಂದೂವರೆ ಇರಬಹುದು. ಅಮ್ಮನನ್ನು ಕೇಳಿದರೆ, "ನಮ್ಮನೆಯಿಂದ ಕುರುಬರಹಳ್ಳಿ ಸರ್ಕಲ್‌ಗೆ ಹೋಗಿ ಬಂದಷ್ಟು" ಎನ್ನುತ್ತಾಳೆ. ಮೂವರೂ ಒಟ್ಟಿಗೇ ನಡೆದ ದಾರಿ. ಮತ್ತೊಮ್ಮೆ ಹೋಗಿ ಅಳೆಯೋಣವೆಂದರೆ ದಿನಕ್ಕೆ ಎರಡು ಸಲ ಅದು ನೀರಿನಡಿ ಹೋಗಿಬಿಡುತ್ತದೆ. ಆ ಜಾಗ ನನಗೆ ಹಿಡಿಸಿದ್ದಕ್ಕೆ ಅದೂ ಒಂದು ಕಾರಣ.

ಆದರೆ ಅಮ್ಮ ಬಿದ್ದದ್ದರಿಂದ ಶುರು ಮಾಡಬೇಕು. ಅಥವಾ, ಬಿದ್ದದ್ದರ ಬಗ್ಗೆ ನಮ್ಮ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಕಥೆಯಿಂದ.

ಕಥೆ ಹೀಗಿತ್ತು. ಎರಡು ವರ್ಷದ ಹಿಂದೆ ಕೆಂಗೇರಿಯಲ್ಲಿ ದೂರದ ನೆಂಟರ ಮನೆಯ ಗೃಹಪ್ರವೇಶ. ನಾನೂ ಅಮ್ಮನೂ ಮೆಟ್ರೋ ಇಳಿದು ಮೈಸೂರು ರಸ್ತೆ ದಾಟುತ್ತಿದ್ದೆವು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಡಿವೈಡರ್ ಹತ್ತಿರ ಅವಳ ಕಾಲು ಹೊರಳಿತು, ಪಾದದ ಗಂಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅಮ್ಮ ಅಂದಳು: "ಅಮಾವಾಸ್ಯೆ ದಿನ ಹೊಸಿಲು ದಾಟಬಾರ್ದಿತ್ತು." ಅಮಾವಾಸ್ಯೆಯೆಂದರೆ ಅವಳು ಹೊಸ ಸೀರೆ ಉಡುವುದಿಲ್ಲ, ಹೊಸ ಕೆಲಸ ಹಿಡಿಯುವುದಿಲ್ಲ, ಊರು ಬಿಟ್ಟು ಹೋಗುವುದಿಲ್ಲ. ಹಾಗಾಗಿ ನಾವು ಯಾರೂ ಎದುರು ಹೇಳಲಿಲ್ಲ. ನೋಡಲು ಬಂದವರಿಗೆಲ್ಲ ಇದೇ ಕಥೆ ಹೇಳಿದೆವು. ಅವರೂ ತಲೆಯಾಡಿಸಿ, ಮೂಸಂಬಿ ಇಟ್ಟು ಹೋದರು.

ಮೂಳೆ ಮೂರು ತಿಂಗಳಲ್ಲಿ ಕೂಡಿತು. ನಡಿಗೆ ಕೂಡಲಿಲ್ಲ. ಮನೆಯೊಳಗೂ ಅಮ್ಮ ಗೋಡೆ ಹಿಡಿದೇ ಓಡಾಡತೊಡಗಿದಳು. ಹಾಲ್‌ನಿಂದ ಅಡುಗೆಮನೆವರೆಗೆ ಗೋಡೆಯ ಮೇಲೆ ಅವಳ ಅಂಗೈ ಎತ್ತರದಲ್ಲಿ ಒಂದು ಮಾಸಿದ ಗೆರೆ ಬಿದ್ದಿತು. ಕೈ ಜಾರಿಸುವಾಗ ಬಳೆ ಗೋಡೆಗೆ ಉಜ್ಜಿ ಕರ್ ಕರ್ ಎನ್ನುತ್ತಿತ್ತು. ಅವಳು ಎಲ್ಲಿದ್ದಾಳೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ನಮ್ಮದು ಮೊದಲ ಮಹಡಿ. ಮೆಟ್ಟಿಲಿಳಿದು ರಸ್ತೆಗೆ ಹೋಗುವುದನ್ನೇ ಅವಳು ನಿಲ್ಲಿಸಿಬಿಟ್ಟಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಕೂಡಿದೆಯಮ್ಮಾ, ಧೈರ್ಯ ಕೂಡಿಲ್ಲ" ಅಂದರು. ಹೀಗೇ ಬಿಟ್ಟರೆ ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ನಡೆಸಲು ಆಗುವುದಿಲ್ಲ ಎಂದು ನನಗೆ ಬೇರೆಯಾಗಿ ಹೇಳಿದರು.

ದ್ವಾರಕೆಯ ಯೋಚನೆ ಹೆಂಡತಿಯದು. ದೇವರ ಹೆಸರಿನಲ್ಲಾದರೂ ಅತ್ತೆ ಮೆಟ್ಟಿಲು ಇಳಿಯಲಿ ಎಂದು. ಅಮ್ಮ ಒಪ್ಪಿಕೊಂಡಳು. ಅದಕ್ಕೆ ಸಮುದ್ರವನ್ನು ಸೇರಿಸಿದವನು ನಾನು. ದ್ವಾರಕೆಯ ದಾರಿಯಲ್ಲಿ, ಕಚ್ಛ್ ಕೊಲ್ಲಿಯ ದಂಡೆಗೆ ಒಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಇಳಿತದ ಹೊತ್ತಿನಲ್ಲಿ ಸಮುದ್ರ ಹಿಂದೆ ಸರಿದು ಹವಳದ ಬಂಡೆ ಬಯಲಾಗುತ್ತದೆ, ಅದರ ಮೇಲೆ ನಡೆದು ನೋಡಬಹುದು ಎಂದು ಎಲ್ಲೋ ಓದಿದ್ದೆ. ಅಲ್ಲಿನ ಒಬ್ಬ ಗೈಡ್‌ಗೆ ಫೋನ್ ಮಾಡಿದೆ. ನೀವು ಹೇಳಿದ ವಾರದಲ್ಲಾದರೆ ಅಮಾವಾಸ್ಯೆಯ ಬೆಳಿಗ್ಗೆ ಬನ್ನಿ, ಅವತ್ತು ನೀರು ಬಹಳ ದೂರ ಹೋಗುತ್ತದೆ, ಅಂದ.

ಆ ದಿನಕ್ಕೇ ಗೊತ್ತುಮಾಡಿದೆ. ಅಮ್ಮನಿಗೆ ಮಂಗಳವಾರ ಎಂದಷ್ಟೇ ಹೇಳಿದೆ.

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಪಂಚಾಂಗದ ಕ್ಯಾಲೆಂಡರ್ ಇದೆ. ಅಮಾವಾಸ್ಯೆಯ ಚೌಕದಲ್ಲಿ ಕಪ್ಪು ಚುಕ್ಕೆ. ಹೊರಡುವ ವಾರವೆಲ್ಲ ಅದೇ ಮೊಳೆಗೆ ನನ್ನ ಟವೆಲ್ ನೇತುಹಾಕಿದೆ. ಹೆಂಡತಿ ತೆಗೆದು ಬಾಲ್ಕನಿಯಲ್ಲಿ ಹಾಕಿದರೆ ಮತ್ತೆ ತಂದು ಹಾಕುತ್ತಿದ್ದೆ. "ಏನ್ರೀ, ಒದ್ದೆ ಟವೆಲ್ ಅಡುಗೆಮನೇಲಿ?" ಎಂದು ಬೈದಳು. ಅಮ್ಮ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಗೊತ್ತಾಗಿಲ್ಲ ಎಂದುಕೊಳ್ಳುವ ವಯಸ್ಸು ನನ್ನದಲ್ಲ. ಆದರೂ ಹಾಗೇ ಅಂದುಕೊಂಡೆ.

ದ್ವಾರಕೆಯಲ್ಲಿ ಅಮ್ಮ ದೇವಸ್ಥಾನದ ಗೋಡೆ, ಕಂಬಿ, ಸೊಸೆಯ ಭುಜ, ಹೀಗೆ ಒಂದಲ್ಲ ಒಂದನ್ನು ಹಿಡಿದೇ ದರ್ಶನ ಮುಗಿಸಿದಳು. ಮಂಗಳವಾರ ಬೆಳಿಗ್ಗೆ ಉದ್ಯಾನದ ಗೇಟಿಗೆ ಬಂದೆವು. ಈ ಜಾಗದಲ್ಲಿ ಮೊದಲು ಒಂದು ಸೂರ್ಯೋದಯ ಬರೆದಿದ್ದೆ, ಹೊಡೆದುಹಾಕಿದೆ. ಅವತ್ತು ಮಂಜು ಮುಸುಕಿತ್ತು. ನನ್ನ ತಲೆಯಲ್ಲಿರುವ ಕಿತ್ತಳೆ ಬಣ್ಣದ ಸೂರ್ಯ ಹೆಂಡತಿಯ ಫೋನಿನಲ್ಲಿರುವ ಇನ್ನೊಂದು ದಿನದ್ದು.

ಗೈಡ್ ಐವತ್ತರ ಆಸುಪಾಸಿನವನು, ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ, ಕೈಯಲ್ಲಿ ಬಿದಿರು ಕೋಲು. ಅಮ್ಮನ ಚಪ್ಪಲಿ ನೋಡಿ ಬೇಡವೆಂದ. ವಿಜಯನಗರದ ಮಾರ್ಕೆಟ್ಟಿನಲ್ಲಿ ಹೆಂಡತಿ ತಂದಿದ್ದ ಬಿಳಿ ಕ್ಯಾನ್ವಾಸ್ ಶೂ ಹಾಕಿಸಿದೆವು. ಜನ್ಮದಲ್ಲಿ ಮೊದಲ ಸಲ ಶೂ. "ಡ್ರಿಲ್ ಮಾಸ್ಟರ್ ಥರ ಕಾಣ್ತೀನಾ?" ಅಂದಳು. ಆಮೇಲೆ ಬಾಗಿಲು ತೊಳೆಯುವವಳ ಹಾಗೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮೊದಲು ಮ್ಯಾಂಗ್ರೋವ್ ಗಿಡಗಳ ನಡುವಿನ ದಾರಿ. ಕೆಸರಿನಿಂದ ಅವುಗಳ ಬೇರುಗಳು ಮೇಲಕ್ಕೆ ಚುಚ್ಚಿಕೊಂಡು ನಿಂತಿದ್ದವು, ಸಾವಿರ ಪೆನ್ಸಿಲ್ ನೆಟ್ಟ ಹಾಗೆ. ಗಿಡಗಳು ಮುಗಿದಲ್ಲಿ ಕೈಗೆ ಸಿಗುವ ವಸ್ತುಗಳೂ ಮುಗಿದವು. ಮುಂದೆ ಬರೀ ಬಯಲು. ಒದ್ದೆ ಮರಳು, ಕಂದು ಬಂಡೆ, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ನೀರಿನ ಅಂಚು ಎಲ್ಲೋ ದೂರದಲ್ಲಿ ಒಂದು ಬೆಳ್ಳಿ ಗೆರೆ. ಗೋಡೆಯಿಲ್ಲ, ಕಂಬಿಯಿಲ್ಲ. ಅಮ್ಮ ನಿಂತಳು. ನಾನು ಅವಳ ಮುಂಗೈ ಹಿಡಿದುಕೊಂಡೆ.

"ಆಜ್ ಅಮಾವಸ್ ಹೈ ನಾ, ಮಾಜಿ" ಎಂದ ಗೈಡ್, ಕೋಲಿನಿಂದ ಆ ಗೆರೆ ತೋರಿಸುತ್ತ. "ಪಾನಿ ಬಹುತ್ ದೂರ್ ಗಯಾ."

ನಾನು ಮ್ಯಾಂಗ್ರೋವ್ ಕಡೆ ತಿರುಗಿ ನಿಂತೆ.

"ಮಾಲೂಮ್" ಎಂದಳು ಅಮ್ಮ ಅವನಿಗೆ. ನನಗೆ ಕನ್ನಡದಲ್ಲಿ: "ಟವೆಲ್ ಒಗೆಯೋಕೆ ತೆಗ್ದಾಗ್ಲೇ ನೋಡ್ದೆ. ಕ್ಯಾಲೆಂಡರ್‌ಗೆ ಸ್ನಾನ ಮಾಡ್ಸಿದೀಯ ನೀನು, ಆ ಪೇಜೆಲ್ಲ ನೆಂದು ಹೋಗಿತ್ತು."

ನಡೆದೆವು. ಗೈಡ್ ಎಲ್ಲಿ ಕಾಲಿಟ್ಟನೋ ಅಲ್ಲೇ ನಾವೂ ಇಡಬೇಕು, ಜೀವವಿರುವ ಹವಳದ ಮೇಲೆ ತುಳಿಯಬಾರದು. ಹವಳ ಎಂದಾಗ ಅಮ್ಮ ಬಗ್ಗಿ ನೋಡಿದಳು. "ಇದಾ ಹವಳ? ನಮ್ಮಮ್ಮನ ಸರದಲ್ಲಿ ಕೆಂಪಗಿತ್ತಲ್ಲ. ಇದು ಚಕ್ಕುಲಿ ಒತ್ತಿಟ್ಟ ಹಾಗಿದೆ." ಒಂದು ಗುಂಡಿಯಲ್ಲಿ ಬೆರಳುಗಳನ್ನು ಬಿಚ್ಚಿಕೊಂಡು ಹೂವಿನಂಥದ್ದೊಂದು ಅಲ್ಲಾಡುತ್ತಿತ್ತು. ನಮ್ಮ ನೆರಳು ಬಿದ್ದೊಡನೆ ಮುಚ್ಚಿಕೊಂಡಿತು. ಇನ್ನೊಂದು ಗುಂಡಿಯ ಮುಂದೆ ಗೈಡ್ ಕೈಯೆತ್ತಿ ನಮ್ಮನ್ನು ತಡೆದ. ನಮಗೆ ಕಂಡದ್ದು ಒಂದು ಕಲ್ಲು. ಆ ಕಲ್ಲು ಉಸಿರಾಡಿತು. ಎಂಟು ಕೈ ಹೊರಗೆ ಚಾಚಿ, ಬಣ್ಣ ಬದಲಿಸಿ, ಪಕ್ಕದ ಬಂಡೆಯ ಸಂದಿಗೆ ಜಾರಿಹೋಯಿತು. ಆಕ್ಟೋಪಸ್. ಬೂದು ಬಣ್ಣಕ್ಕೆ ತಿರುಗಿತು ಎನ್ನುತ್ತಾಳೆ ಅಮ್ಮ. ಇಟ್ಟಿಗೆ ಕೆಂಪು ಎನ್ನುತ್ತೇನೆ ನಾನು. ಹೆಂಡತಿಯ ಫೋನಿನಲ್ಲಿ ಬರೀ ಕಲ್ಲಿದೆ.

ಉಬ್ಬುವ ಮೀನು ತೋರಿಸುತ್ತೇನೆಂದು ಗೈಡ್ ಹೆಂಡತಿಯನ್ನು ಸ್ವಲ್ಪ ಮುಂದೆ ಕರೆದುಕೊಂಡು ಹೋದ. ನಾವಿಬ್ಬರೇ ಉಳಿದೆವು.

"ಅಮಾವಾಸ್ಯೆ ಅಂತ ಗೊತ್ತಿದ್ದೂ ಬಂದ್ಯಾ?" ಕೇಳಿದೆ. "ಅವತ್ತು ಹಂಗಾದ್ಮೇಲೂ?"

"ಅವತ್ತು ಎಲ್ಲಿಗೆ ಹೊರಟಿದ್ವಿ?"

"ಗೃಹಪ್ರವೇಶಕ್ಕೆ."

"ಅಮಾವಾಸ್ಯೆ ದಿನ ಯಾರಾದ್ರೂ ಗೃಹಪ್ರವೇಶ ಮಾಡ್ತಾರೇನೋ, ದಡ್ಡ?"

ಎರಡು ವರ್ಷ. ಎಷ್ಟು ಜನರಿಗೆ ಹೇಳಿದ್ದೆ ಈ ಕಥೆಯನ್ನು. ಕೇಳಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಸ ಮನೆಯವರು ನೋಡಲು ಬಂದ ದಿನ ಮಾತ್ರ ಅಮ್ಮ ತಿಥಿಯ ಮಾತೆತ್ತದೆ, ತಲೆನೋವೆಂದು ಕಣ್ಣು ಮುಚ್ಚಿ ಮಲಗಿದ್ದಳು. ಅದು ನನಗೆ ನೆನಪಾದದ್ದು ಆ ಬಂಡೆಯ ಮೇಲೆ. ಅಥವಾ ಅಲ್ಲೇ ನಾನು ಅದನ್ನು ಕಟ್ಟಿಕೊಂಡಿರಲೂಬಹುದು.

"ಮತ್ತೆ ಯಾಕೆ ಹಂಗಂದೆ?"

"ಫೋನ್ ಬಂತು ನಿಂಗೆ. ನಡುರಸ್ತೇಲಿ. ಕೈ ಬಿಟ್ಟೆ, ಜೇಬಿಂದ ತೆಗೆಯೋಕೆ. ಹಿಂದಿನಿಂದ ಬಸ್ ಹಾರನ್ ಹೊಡೀತು. ನಾನು ಹೆದರಿ ಡಿವೈಡರ್ ಹತ್ತೋಕೆ ಹೋದೆ."

"ಇಲ್ಲಮ್ಮ. ನಾನು ಹಿಡ್ಕೊಂಡಿದ್ದೆ."

"ಹಿಡ್ಕೊಂಡಿದ್ದೆ. ಆಮೇಲೆ ಬಿಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆಸ್ಪತ್ರೇಲಿ ನಿನ್ ಹೆಂಡ್ತಿ ಹೆಂಗಾಯ್ತು ಅಂತ ಕೇಳಿದ್ಲು. ನೀನು ಬಾಗಿಲ ಹತ್ರ ನಿಂತಿದ್ದೆ. ಮುಖ ನೋಡೋಕಾಗ್ತಿರ್ಲಿಲ್ಲ. ಬಾಯಿಗೆ ಅಮಾವಾಸ್ಯೆ ಬಂತು, ಅಂದುಬಿಟ್ಟೆ. ಅಮಾವಾಸ್ಯೆ ಏನು, ಜಗಳಕ್ಕೆ ಬರುತ್ತಾ?"

ನನ್ನ ಅಂಗೈಯಲ್ಲಿ ಅವಳ ಕೈ ಇದ್ದ ನೆನಪು ಇವತ್ತಿಗೂ ಸ್ಪಷ್ಟವಾಗಿದೆ. ಬಳೆಯ ತಣ್ಣಗಿನ ಅಂಚು ಸಮೇತ. ಅದು ಕೆಂಗೇರಿಯ ಕೈಯೋ, ಈ ಬಂಡೆಯ ಮೇಲೆ ನಾನು ಬಿಗಿಯಾಗಿ ಹಿಡಿದುಕೊಂಡಿದ್ದ ಕೈಯೋ, ಹೇಳಲಾರೆ. ಫೋನ್ ಬಂದದ್ದು ನಿಜ. ಪೂಜೆ ಮುಗೀತಾ ಬಂತು, ಎಲ್ಲಿದೀರ ಎಂದು ಯಾರೋ ಕೇಳಿದ ಮಾತು ಕಿವಿಯಲ್ಲಿದೆ. ಎರಡು ಕೈಯಲ್ಲಿ ಒಂದರಲ್ಲಿ ಮುಯ್ಯಿಯ ಸ್ಟೀಲ್ ಡಬ್ಬವಿತ್ತು. ಫೋನ್ ಯಾವ ಕೈಯಲ್ಲಿ ಹಿಡಿದಿದ್ದೆ? ಇಷ್ಟು ಸುಲಭದ ಲೆಕ್ಕವನ್ನು ಎರಡು ವರ್ಷ ನಾನು ಮಾಡಿರಲಿಲ್ಲ.

"ತಪ್ಪಾಯ್ತು" ಅಂದೆನೋ ಇಲ್ಲವೋ. ಅಂದೆ ಎಂದು ಬರೆದುಕೊಳ್ಳಲು ಆಸೆ.

"ಅದಿರ್ಲಿ, ಈಗ ಸ್ವಲ್ಪ ಸಡಿಲ ಬಿಡು. ಬಳೆ ಒತ್ತುತ್ತೆ. ನಿನ್ನ ಕೈ ಹಿಡ್ಕೊಂಡ್ರೆ ನಿನ್ನ ಕಾಲೂ ನಾನೇ ನೋಡ್ಬೇಕು, ನನ್ನ ಕಾಲೂ ನಾನೇ ನೋಡ್ಬೇಕು. ನೀನು ನಡೆಯೋದು ಸರಿಯಾಗಿಲ್ಲ."

ಬಿಟ್ಟೆ. ಈ ಸಲ ಗೊತ್ತಿದ್ದೇ ಬಿಟ್ಟೆ.

ಅಮ್ಮ ತೋಳುಗಳನ್ನು ಎರಡೂ ಕಡೆಗೆ ತುಸು ಅಗಲಿಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟಳು. ಹೆಂಡತಿ ದೂರದಿಂದ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಇಲ್ಲಿಗೆ ನಿಲ್ಲಿಸಿದರೆ ಚಂದವಾಗಿರುತ್ತಿತ್ತು. ಆದರೆ ಏಳೆಂಟು ಹೆಜ್ಜೆಯಾಗುವಷ್ಟರಲ್ಲಿ ಪಾಚಿಯ ಮೇಲೆ ಶೂ ಜಾರಿ ಅಮ್ಮ ಬಿದ್ದಳು. ಬಿದ್ದಳು ಅನ್ನುವುದಕ್ಕಿಂತ ಕೂತಳು. ಗುಂಡಿಯ ಮರಳಿನಲ್ಲಿ, ಸೊಂಟದವರೆಗೆ ನೀರಲ್ಲಿ, ತಪ್ ಎಂದು.

ನಾನು ನುಗ್ಗಿದೆ.

"ಅಲ್ಲೇ ನಿಲ್ಲು!" ಎಂದಳು. ಗೈಡ್ ಕೂಡ ಅಲ್ಲೇ ನಿಂತ, ಕನ್ನಡ ಬಾರದಿದ್ದರೂ.

ಅಮ್ಮ ಪಾದವನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಅವಳ ಮೊಣಕಾಲಿನ ಹತ್ತಿರ ಸಣ್ಣ ಏಡಿಯೊಂದು ಬಂದು, ಯೋಚಿಸಿ, ಅಡ್ಡಡ್ಡಲಾಗಿ ಹೋಯಿತು. "ಇಷ್ಟೇನಾ?" ಎಂದಳು, ಯಾರಿಗೋ. ಬೀಳುತ್ತೇನೆ ಎಂದು ಎರಡು ವರ್ಷ ಗೋಡೆ ಹಿಡಿದಿದ್ದವಳು ಕೊನೆಗೂ ಬಿದ್ದಿದ್ದಳು. ಒಂದು ಅಂಗೈ ಬಂಡೆಗೆ ಊರಿ, ಮೊಣಕಾಲ ಮೇಲೆ ಬಂದು, ಎದ್ದು ನಿಂತಳು. ಸೀರೆಯಿಂದ ನೀರು ಸುರಿಯುತ್ತಿತ್ತು. "ಹಮ್ ಬೆಂಗಳೂರ್" ಎಂದು ಗೈಡ್‌ಗೆ ವಿವರಿಸಿದಳು. "ಉದರ್ ಸಮುದ್ರ ನಹೀ. ಪ್ರಾಕ್ಟೀಸ್ ನಹೀ."

ನೀರು ತಿರುಗಿದೆ, ಹೊರಡಬೇಕು ಎಂದ ಗೈಡ್. ಹಿಂತಿರುಗಿ ಬರುವಾಗ ಅಮ್ಮ ಅವನ ಕೋಲು ಇಸಿದುಕೊಂಡಳು. ಅರ್ಧ ದಾರಿ ಕೋಲು ಊರಿದಳು, ಇನ್ನರ್ಧ ಅದನ್ನು ಹೆಗಲ ಮೇಲಿಟ್ಟುಕೊಂಡು ನಡೆದಳು. ಮ್ಯಾಂಗ್ರೋವ್ ಹತ್ತಿರ ಬಂದು ತಿರುಗಿ ನೋಡಿದಾಗ ನಾವು ಮಾತಾಡಿದ ಜಾಗ ಯಾವುದೆಂದು ಗೊತ್ತಾಗಲಿಲ್ಲ.

ಊರಿಗೆ ಬಂದು ಒಂದು ತಿಂಗಳಾಯಿತು. ಗೋಡೆಯ ಮೇಲಿನ ಗೆರೆ ಹಾಗೇ ಇದೆ. ಕೆಲವು ದಿನ ಅಮ್ಮ ಈಗಲೂ ಅದನ್ನು ಹಿಡಿಯುತ್ತಾಳೆ.

ಮೊನ್ನೆ ಭಾನುವಾರ ನನಗೆ ಸುಮ್ಮನಿರಲಾಗಲಿಲ್ಲ. ಅವಳು ಬಿದ್ದ ದಿನ ನಿಜಕ್ಕೂ ಯಾವ ತಿಥಿ? ಹಳೆ ಕ್ಯಾಲೆಂಡರ್ ಹಾಳೆಗಳನ್ನು ಅಮ್ಮ ಅಡುಗೆಮನೆಯ ಶೆಲ್ಫಿಗೆ ಹಾಸುತ್ತಾಳೆ. ಡಬ್ಬಗಳನ್ನು ಎತ್ತಿ ಹುಡುಕಿದೆ. ಆ ತಿಂಗಳ ಹಾಳೆ ಸಿಕ್ಕಿತು. ಎಣ್ಣೆ ಡಬ್ಬದ ಕೆಳಗೆ. ಬೇಕಾದ ವಾರದ ಮೇಲೆಯೇ ದುಂಡಗಿನ ಜಿಡ್ಡು ಕಲೆ. ಚೌಕಗಳೆಲ್ಲ ಕಪ್ಪು, ಎಲ್ಲ ದಿನವೂ ಅಮಾವಾಸ್ಯೆ.

"ಏನೋ ಹುಡುಕ್ತಾ ಇದೀಯ?" ಅಮ್ಮ ಹಿಂದೆ ನಿಂತಿದ್ದಳು.

"ಏನಿಲ್ಲ. ನೀನು ಬಿದ್ದ ದಿನ..."

"ಇನ್ನೂ ಬಿಟ್ಟಿಲ್ವಾ ಅದನ್ನ? ಸೊಪ್ಪಿನ ಗಾಡಿ ಬಂದಿದೆ. ಹೋಗ್ಬರ್ತೀನಿ."

"ಇರು, ನಾನೂ ಬರ್ತೀನಿ."

"ನಿನ್ ಕೈಲಿ ಎಣ್ಣೆ ಡಬ್ಬ ಇದೆ. ಅದನ್ನಾದ್ರೂ ಕೈ ಬಿಡ್ಬೇಡ."

ಡಬ್ಬ ಹಿಡಿದು ನಿಂತೆ. ಬಾಗಿಲು ತೆರೆದ ಸದ್ದು. ಮೆಟ್ಟಿಲ ಗೋಡೆಗೆ ಬಳೆ ಉಜ್ಜಿತು, ಕರ್. ಇನ್ನೊಮ್ಮೆ, ಕರ್. ಆಮೇಲೆ ಬರೀ ಚಪ್ಪಲಿಯ ಸದ್ದು, ಕೆಳಗಿಳಿಯುತ್ತಾ. ಮತ್ತೆ ಬಳೆಯ ಸದ್ದು ಬರುತ್ತದೇನೋ ಎಂದು ಕಾದೆ. ಅಷ್ಟರಲ್ಲಿ ರಸ್ತೆಯಿಂದ ಅವಳ ದನಿ ಕೇಳಿಸಿತು. ದಂಟಿನ ಸೊಪ್ಪು ಬಾಡಿದೆ ಎಂದು ಗಾಡಿಯವನ ಜೊತೆ ಜಗಳ ತೆಗೆದಿದ್ದಳು.